'ಸೂಕ್ತವಾಗಿ' ಎಂದು ಬರೆಯುವ ಮುಂಚೆ ಒಂದು ಪ್ರಶ್ನೆ: ಯಾವುದಕ್ಕೆ?

ಹೋದ ವರ್ಷ ಗೆಳತಿಯೊಬ್ಬಳು ನನಗೆ ಬಿನ್ನವತ್ತಳೆಯ ಕರಡು ಕಳಿಸಿದಳು. ಅವಳ ಮಗನ ಶಾಲೆಯಲ್ಲಿ ಟೀಚರ್ ಒಬ್ಬರು ನಿವೃತ್ತರಾಗುತ್ತಿದ್ದರು. ಪೋಷಕರ ಪರವಾಗಿ ನಾಲ್ಕು ಮಾತು ಬರೆಯುವ ಕೆಲಸ ಇವಳ ಪಾಲಿಗೆ ಬಂದಿತ್ತು. ಬರೆದದ್ದು ಒಂದೇ ಪುಟ. ಪ್ರೀತಿ ತುಂಬಿದ್ದ ಪುಟ. ಆದರೆ ಅದರಲ್ಲಿ 'ಸೂಕ್ತವಾಗಿ' ಎಂಬ ಪದ ಐದು ಸಲ ಬಂದಿತ್ತು.

ಆ ಐದು ವಾಕ್ಯಗಳು ಇವು:

ತಾವು ಮಕ್ಕಳಿಗೆ ಸೂಕ್ತವಾಗಿ ಪಾಠ ಮಾಡಿದಿರಿ.
ತಪ್ಪು ಮಾಡಿದಾಗ ಸೂಕ್ತವಾಗಿ ಗದರಿದಿರಿ.
ಮಳೆಗಾಲದಲ್ಲಿ ಶಾಲೆಯ ಗೋಡೆ ಕುಸಿದಾಗ ಸೂಕ್ತವಾಗಿ ಮಕ್ಕಳನ್ನು ಹೊರಗೆ ಕರೆತಂದಿರಿ.
ತಮ್ಮ ಹೆಸರಿಗೆ ಸೂಕ್ತವಾಗಿ ಶಾಂತರಾಗಿದ್ದಿರಿ.
ಈ ಸನ್ಮಾನ ತಮಗೆ ಸೂಕ್ತವಾಗಿ ಸಲ್ಲುತ್ತಿದೆ.

ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಓದುವಾಗ ಯಾವುದೋ ಸುತ್ತೋಲೆ ಓದಿದ ಹಾಗೆ ಆಗುತ್ತದೆ, ಅಲ್ವಾ? ಆ ಟೀಚರ್ ಮುಖ ಕಣ್ಣಿಗೆ ಕಟ್ಟುವುದಿಲ್ಲ. ಐದು ಬೇರೆ ಬೇರೆ ಸಂಗತಿಗಳಿಗೆ ಒಂದೇ ಅಳತೆಯ ಅಂಗಿ ತೊಡಿಸಿದ್ದೇ ಅದಕ್ಕೆ ಕಾರಣ. ಇದು ಅವಳೊಬ್ಬಳ ಕಥೆಯಲ್ಲ. ವರದಿ, ಅರ್ಜಿ, ಭಾಷಣ, ಅಭಿನಂದನೆಯ ಮೆಸೇಜು, ಎಲ್ಲ ಕಡೆ 'ಸೂಕ್ತವಾಗಿ' ಮತ್ತು 'ಸರಿಯಾಗಿ' ಎಂಬ ಎರಡೇ ಪದ ದುಡಿಯುತ್ತಿವೆ. ಕನ್ನಡದಲ್ಲಿ ಇದಕ್ಕೆ ಕಡಿಮೆಯೆಂದರೂ ಹದಿನೈದು ಒಳ್ಳೆಯ ಪದಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಹೇಗೆ ಅಂತ ನಾನು ಅನುಸರಿಸುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: 'ಯಾವುದಕ್ಕೆ?' ಎಂದು ಕೇಳಿ

ಒಂದು ವಸ್ತು ತನ್ನಷ್ಟಕ್ಕೇ ಸೂಕ್ತವಾಗಿರಲು ಆಗುವುದಿಲ್ಲ. ಇನ್ನೊಂದಕ್ಕೆ ಅದು ಹೊಂದಬೇಕು. ಪಾಠ ಸೂಕ್ತವಾಗಿತ್ತು ಅಂದರೆ ಯಾವುದಕ್ಕೆ? ಮಕ್ಕಳ ವಯಸ್ಸಿಗೋ, ಪರೀಕ್ಷೆಗೋ, ಆ ಊರಿನ ಬದುಕಿಗೋ? ಈ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು. ಆ ಉತ್ತರವನ್ನೇ ವಾಕ್ಯದಲ್ಲಿ ಇಡಿ. ಆಮೇಲೆ ಪಕ್ಕದಲ್ಲಿ 'ತಕ್ಕಂತೆ' ತಾನಾಗಿ ಬಂದು ಕೂರುತ್ತದೆ. ಮಕ್ಕಳ ವಯಸ್ಸಿಗೆ ತಕ್ಕಂತೆ ಪಾಠ ಮಾಡಿದಿರಿ. ನೋಡಿ, ಆಗಲೇ ಒಂದು ತರಗತಿ ಕಾಣುತ್ತಿದೆ.

'ತಕ್ಕ' ಎಂಬುದು ಅಚ್ಚ ಕನ್ನಡದ ಪದ. 'ತಗು' ಎಂಬ ಹಳೆಯ ಕ್ರಿಯಾಪದದಿಂದ ಬಂದದ್ದು. ಯೋಗ್ಯವಾಗು, ಒಪ್ಪು ಎಂದು ಅದರ ಅರ್ಥ. 'ತಗು' ಇವತ್ತು ಯಾರ ಬಾಯಲ್ಲೂ ಇಲ್ಲ. ಅದರ ಮಕ್ಕಳು ಮಾತ್ರ ಎಲ್ಲೆಲ್ಲೂ ಇದ್ದಾರೆ. ಅಡುಗೆ ಪುಸ್ತಕದಲ್ಲಿ 'ರುಚಿಗೆ ತಕ್ಕಷ್ಟು ಉಪ್ಪು' ಇದೆ. ಗಾದೆಯಲ್ಲಿ 'ಕಾಲಕ್ಕೆ ತಕ್ಕಂತೆ ಕೋಲ' ಇದೆ. ಸರ್ಕಾರಿ ಆದೇಶದಲ್ಲಿ 'ಅರ್ಜಿಯನ್ನು ಸಲ್ಲಿಸತಕ್ಕದ್ದು' ಎಂದು ಇರುತ್ತದೆ. ಆ ಕೊನೆಯ 'ತಕ್ಕದ್ದು' ಕೂಡ ಇದೇ ಮನೆಯದು. ಹಾಗೆ ಮಾಡುವುದು ತಕ್ಕುದು, ಅಂದರೆ ಯೋಗ್ಯವಾದದ್ದು ಎಂಬ ಮಾತು ಕಾಯ್ದೆಯ ಕನ್ನಡದಲ್ಲಿ ಕಟ್ಟಪ್ಪಣೆಯಾಗಿ ನಿಂತಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ.

ಅವರು ಪ್ರಶ್ನೆಗೆ ತಕ್ಕ ಉತ್ತರ ಕೊಟ್ಟರು.
ಅವರು ತಕ್ಕ ಉತ್ತರ ಕೊಟ್ಟರು.

ಮೊದಲನೆಯದು ಮೆಚ್ಚುಗೆ. ಕೇಳಿದ್ದೇನೋ ಅದಕ್ಕೆ ಹೊಂದುವ ಉತ್ತರ ಬಂತು ಅಂತ. ಎರಡನೆಯದರಲ್ಲಿ ಜಗಳದ ವಾಸನೆ ಇದೆ. ಎದುರಿನವರ ಬಾಯಿ ಮುಚ್ಚಿಸಿದರು ಅಂತ. 'ಪ್ರಶ್ನೆಗೆ' ಎಂಬ ಒಂದು ಪದ ಬಿಟ್ಟಿದ್ದಕ್ಕೆ ಅರ್ಥವೇ ತಿರುಗಿತು. ತಕ್ಕ ಶಾಸ್ತಿ, ತಕ್ಕ ಪಾಠ, ತಕ್ಕ ಬೆಲೆ ತೆತ್ತರು, ಇವೆಲ್ಲ ಇದೇ ಸಾಲಿನವು. 'ಕ್ಕೆ', 'ಗೆ' ಇಲ್ಲದೆ ಒಂಟಿಯಾಗಿ ಬಂದ 'ತಕ್ಕ' ಬಹಳ ಸಲ ಶಿಕ್ಷೆಯ ಕಡೆಗೇ ವಾಲುತ್ತದೆ. ಒಳ್ಳೆಯ ಮಾತು ಹೇಳುವಾಗ ಯಾವುದಕ್ಕೆ ತಕ್ಕ ಎಂಬುದನ್ನು ಬಿಡಬೇಡಿ.

ಇದೇ ಹೆಜ್ಜೆಯಲ್ಲಿ ಇನ್ನೂ ಮೂರು ಪದ ಎದುರಾಗುತ್ತವೆ: ಪ್ರಕಾರ, ಅನುಸಾರ, ಅನುಗುಣ. ನಿಯಮ ಇದ್ದ ಕಡೆ 'ಪ್ರಕಾರ' ಅಥವಾ 'ಅನುಸಾರ' ಬಳಸಿ. ನಿಯಮದ ಪ್ರಕಾರ ಮೂರು ಪ್ರತಿ ಕೊಡಬೇಕು. ಒಂದು ಹೆಚ್ಚಿದಂತೆ ಇನ್ನೊಂದು ಹೆಚ್ಚುವ ಕಡೆ 'ಅನುಗುಣವಾಗಿ' ಬಳಸಿ. ಮಗುವಿನ ತೂಕಕ್ಕೆ ಅನುಗುಣವಾಗಿ ಔಷಧಿಯ ಪ್ರಮಾಣ. ಎರಡು ವಸ್ತು ಪರಸ್ಪರ ಹೊಂದುವ ಕಡೆ 'ತಕ್ಕಂತೆ'. ಅಂಗಳಕ್ಕೆ ತಕ್ಕಂತೆ ರಂಗೋಲಿ. ರಂಗೋಲಿಗೆ ನಿಯಮವೂ ಇಲ್ಲ, ಲೆಕ್ಕವೂ ಇಲ್ಲ. ಹಾಕುವವರ ಕಣ್ಣಿಗೆ ಅಂಗಳ ಎಷ್ಟಿದೆ ಎಂದು ಗೊತ್ತು, ಅಷ್ಟೇ.

'ತಕ್ಕಮಟ್ಟಿಗೆ' ಎಂಬುದನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅದರ ಅರ್ಥ ಸುಮಾರಾಗಿ, ಒಂದು ಮಟ್ಟಿಗೆ ಎಂದು. 'ತಕ್ಕಮಟ್ಟಿಗೆ ಹಾಡುತ್ತಾಳೆ' ಎಂದು ಹೊಗಳಿದರೆ ಆ ಹುಡುಗಿ ಬೇಜಾರು ಮಾಡಿಕೊಳ್ಳುತ್ತಾಳೆ.

ಎರಡನೇ ಹೆಜ್ಜೆ: ಮಾಡಿದ ರೀತಿಯೋ, ಮಾಡಿದ್ದೇ ಸರಿಯೋ?

ಎಲ್ಲಕ್ಕಿಂತ ಜಾಸ್ತಿ ಎಡವಟ್ಟು ಆಗುವುದು ಇಲ್ಲಿ. ಈ ಎರಡು ವಾಕ್ಯ ನೋಡಿ.

ಮೇಷ್ಟ್ರು ಅವನಿಗೆ ಸರಿಯಾಗಿ ಬೈದರು.
ಮೇಷ್ಟ್ರು ಅವನಿಗೆ ಬೈದದ್ದು ಸರಿ.

ಮೊದಲನೆಯದು ಬೈಗುಳದ ಭಾರ ಹೇಳುತ್ತದೆ. ಚೆನ್ನಾಗಿ, ಜೋರಾಗಿ, ಬಾಯಿ ತುಂಬ ಬೈದರು. ಅದು ನ್ಯಾಯವೋ ಅಲ್ಲವೋ ಎಂಬ ಮಾತೇ ಅಲ್ಲಿಲ್ಲ. ಎರಡನೆಯದು ನಿಮ್ಮ ತೀರ್ಪು. ಬೈಯುವ ಸಂದರ್ಭ ಇತ್ತು, ಬೈದರು, ಒಳ್ಳೆಯದೇ ಆಯಿತು. ಎರಡು ವಾಕ್ಯದಲ್ಲೂ ಇರುವುದು ಅದೇ 'ಸರಿ'. ನಿಂತ ಜಾಗ ಬೇರೆ.

ಕನ್ನಡದಲ್ಲಿ '-ಆಗಿ' ಹಚ್ಚಿದ ಪದ ಕ್ರಿಯೆಯ ಪಕ್ಕ ನಿಂತರೆ ಸಾಮಾನ್ಯವಾಗಿ 'ಹೇಗೆ ಮಾಡಿದರು' ಎಂಬ ಪ್ರಶ್ನೆಗೆ ಉತ್ತರವಾಗುತ್ತದೆ. 'ಮಾಡಿದ್ದು ಯೋಗ್ಯವೇ' ಎಂಬುದಕ್ಕೆ ಉತ್ತರ ಬೇಕಿದ್ದರೆ ಕ್ರಿಯೆಯನ್ನೇ ಹೆಸರಾಗಿ ತಿರುಗಿಸಿ. ಬಂದದ್ದು ಸರಿ. ಕೇಳಿದ್ದು ನ್ಯಾಯ. ಹೇಳದೇ ಇದ್ದದ್ದು ಒಳ್ಳೆಯದಾಯಿತು. ಇದು ನಮ್ಮ ಭಾಷೆಯ ಸಹಜ ನಡಿಗೆ.

ಇನ್ನೊಂದು ಉಪಾಯವೂ ಇದೆ. ಪದದ ಕೊನೆಗೆ ಒಂದು 'ಏ' ಸೇರಿಸುವುದು. 'ಅಜ್ಜಿ ಸರಿಯಾಗಿ ಹೇಳಿದರು' ಅಂದರೆ ತಪ್ಪಿಲ್ಲದೆ ಹೇಳಿದರು. ದಾರಿಯೋ, ಲೆಕ್ಕವೋ ಇರಬಹುದು. 'ಅಜ್ಜಿ ಸರಿಯಾಗಿಯೇ ಹೇಳಿದರು' ಅಂದರೆ ಅಜ್ಜಿಯ ಮಾತು ಒಪ್ಪತಕ್ಕದ್ದು ಎಂದು ನೀವೂ ಸೇರಿ ಹೇಳಿದಂತೆ. ಒಂದು ಸಣ್ಣ 'ಏ' ರೀತಿಯನ್ನು ತೀರ್ಪಿಗೆ ತಿರುಗಿಸಿತು. ನನಗೆ ಕನ್ನಡದಲ್ಲಿ ಬಹಳ ಇಷ್ಟವಾಗುವ ಸಂಗತಿಗಳಲ್ಲಿ ಇದೂ ಒಂದು.

'ನ್ಯಾಯವಾಗಿ' ಎಂಬ ಪದ ಮಾತ್ರ ಸ್ವಲ್ಪ ಬೇರೆ. ಅದು ವಾಕ್ಯದ ಮೊದಲಿಗೆ ಬಂದು ಇಡೀ ವಾಕ್ಯದ ಮೇಲೆ ತೀರ್ಪು ಕೊಡುತ್ತದೆ. 'ನ್ಯಾಯವಾಗಿ ಈ ದುಡ್ಡು ನಿಮಗೆ ಸೇರಬೇಕು.' ಇಲ್ಲಿ ದುಡ್ಡು ನ್ಯಾಯದ ರೀತಿಯಲ್ಲಿ ನಡೆದು ಬರುತ್ತದೆ ಎಂದಲ್ಲ. ಸೇರುವುದು ನ್ಯಾಯ ಎಂದು. ಹಕ್ಕಿನ ಮಾತು ಬಂದಾಗ ಈ ಪದ ನೆನಪಿರಲಿ. ಆಸ್ತಿ, ಕೂಲಿ, ಬಡ್ತಿ, ಇಂಥ ಕಡೆ 'ಸೂಕ್ತವಾಗಿ' ಎಂದರೆ ಮಾತು ಸಪ್ಪೆ.

'ಸರಿ' ಎಂಬ ಪದದ ಮೂಲದಲ್ಲಿ ಸಮ ಎಂಬ ಅರ್ಥ ಇದೆ. ಸರಿ-ಬೆಸ, ಸರಿಸಾಟಿ, ಸರಿರಾತ್ರಿ, ಎಲ್ಲದರಲ್ಲೂ ಅದೇ. ರಾತ್ರಿ ಎರಡು ಸಮಭಾಗವಾಗುವ ಹೊತ್ತು ಸರಿರಾತ್ರಿ. ಹಾಗಾಗಿ 'ಸರಿಯಾಗಿ ಹತ್ತು ಗಂಟೆಗೆ' ಅಂದಾಗ ಅದು ಯೋಗ್ಯತೆಯ ಮಾತಲ್ಲ, ಗಡಿಯಾರದ ಮುಳ್ಳು ಸಮಕ್ಕೆ ಬಂದ ಮಾತು. ಅಳತೆ ಕೂದಲಷ್ಟೂ ತಪ್ಪಬಾರದು ಎಂದಿದ್ದರೆ 'ನಿಖರವಾಗಿ', 'ಕರಾರುವಾಕ್ಕಾಗಿ' ಇವೆ. ಅವನ್ನು ಬಾಣ, ಲೆಕ್ಕ, ನಕ್ಷೆಗಳಿಗೆ ಇಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಹೊಂದಿಕೆ ಯಾವ ಬಗೆಯದು?

ಪ್ರಮಾಣ ಸರಿಯಿದೆಯೇ? ಹಾಗಾದರೆ 'ಹದವಾಗಿ'. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳುವ ಪದ ಬೇರೆಲ್ಲಿದೆಯೋ! ಪಾಕ ಹದವಾಗಿ ಬಂದಿದೆ. ಮುದ್ದೆ ಹದವಾಗಿ ಬೆಂದಿದೆ. ಮಳೆ ಬಿದ್ದು ನೆಲ ಬಿತ್ತನೆಗೆ ಹದವಾಗಿದೆ. ತೊಗಲನ್ನೂ ಹದ ಮಾಡುತ್ತಾರೆ. ಅಡುಗೆಮನೆ, ಹೊಲ, ಕಸುಬು ಎಲ್ಲ ಕಡೆ ಕೈಗೆ ಗೊತ್ತಿರುವ, ಬಾಯಲ್ಲಿ ವಿವರಿಸಲಾಗದ ಅಳತೆ ಇದು. ಮೈಸೂರುಪಾಕ ಮಾಡುವವರನ್ನು ಕೇಳಿ. ಎಷ್ಟು ನಿಮಿಷ ಎಂದು ಅವರು ಹೇಳುವುದಿಲ್ಲ. ಎಳೆ ಬಂತಾ ನೋಡಿ ಅನ್ನುತ್ತಾರೆ.

ಮಾತಿಗೂ ಹದ ಉಂಟು ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಕೃತಿ ಕವಿರಾಜಮಾರ್ಗ. ಅದು 9ನೇ ಶತಮಾನದ್ದು. ಕನ್ನಡ ನಾಡಿನ ಜನ 'ಪದನರಿದು ನುಡಿಯಲುಂ' ಬಲ್ಲವರು ಎಂದು ಅದರಲ್ಲಿ ಬರುತ್ತದೆ. ಆ 'ಪದ' ಇವತ್ತಿನ ನಮ್ಮ 'ಹದ'. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪದ ಹದವಾಯಿತು. ಹದ ತಿಳಿದು ಮಾತಾಡುವ ಜನ ಎಂದು ಆಗಲೇ ನಮ್ಮನ್ನು ಕರೆದಿದ್ದಾರೆ. ಹಾಗಾಗಿ 'ಅವರು ಹದವಾಗಿ ಮಾತಾಡಿದರು' ಎಂಬುದು ಹಗುರ ಹೊಗಳಿಕೆಯಲ್ಲ. ಭಾಷಣ ಉದ್ದವಾಗಲಿಲ್ಲ, ಮಾತು ಖಾರವಾಗಲಿಲ್ಲ, ಆದರೆ ಹೇಳಬೇಕಾದ್ದು ಬಿಟ್ಟೂ ಹೋಗಲಿಲ್ಲ ಎಂಬುದೆಲ್ಲ ಅದರೊಳಗಿದೆ.

ಸಂದರ್ಭಕ್ಕೆ ಹೊಂದಿದೆಯೇ? 'ಸಂದರ್ಭೋಚಿತವಾಗಿ'. ಮದುವೆಮನೆಯಲ್ಲಿ ಹಾಡಿದ ಹಾಡು, ಸಭೆಯಲ್ಲಿ ಹೇಳಿದ ಗಾದೆ, ಉಟ್ಟ ಸೀರೆ. 'ಸಮಯೋಚಿತವಾಗಿ' ಅಂದರೆ ಇನ್ನೊಂದು ಬಗೆ. ಅಲ್ಲಿ ಆ ಗಳಿಗೆಯಲ್ಲಿ ತಲೆ ಓಡಿಸಿದ್ದು ಮುಖ್ಯ. ಬಸ್ಸಿನ ಬ್ರೇಕ್ ಹೋದಾಗ ಚಾಲಕ ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ತಿರುಗಿಸಿದ ಅನ್ನಿ. ಪತ್ರಿಕೆಯವರು ಇದಕ್ಕೆ 'ಸಮಯಪ್ರಜ್ಞೆ' ಎನ್ನುತ್ತಾರೆ. 'ಸಮಯಪ್ರಜ್ಞೆಯಿಂದ' ಎಂದು ಬರೆದರೆ ಇನ್ನೂ ಚೆನ್ನ. ಸುಮ್ನೆ ಹೊತ್ತಿಗೆ ಸರಿಯಾಗಿ ಆಯಿತು ಅನ್ನಲು 'ಸಕಾಲಕ್ಕೆ' ಸಾಕು. ಕರ್ನಾಟಕದಲ್ಲಿ ಸರ್ಕಾರಿ ಸೇವೆಗಳನ್ನು ಇಷ್ಟು ದಿನದೊಳಗೆ ಕೊಡಲೇಬೇಕು ಎಂದು 2011ರಲ್ಲಿ ಕಾಯ್ದೆ ಬಂತು. 2012ರಲ್ಲಿ ಅದನ್ನು ಜಾರಿಗೆ ತರುವಾಗ ಯೋಜನೆಗೆ ಇಟ್ಟ ಹೆಸರು 'ಸಕಾಲ'. ಎರಡು ಪುಟದ ವಿವರಣೆ ಬೇಡ, ಹೆಸರೇ ಎಲ್ಲ ಹೇಳುತ್ತದೆ.

ಹೀಗೆ ಹೆಸರಿಗೂ ಗುಣಕ್ಕೂ ತಾಳೆಯಾದಾಗ ಬಳಸುವ ಪದ 'ಅನ್ವರ್ಥ'. ಅರ್ಥವನ್ನು ಹಿಂಬಾಲಿಸುವಂಥದ್ದು ಎಂದು ಅದರ ಮಾತು. ಶಾಲೆಯಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಉರು ಹೊಡೆದದ್ದು ನಿಮಗೂ ನೆನಪಿರಬೇಕು. ಮಲೆ ಎಂದರೆ ಬೆಟ್ಟ. ಬೆಟ್ಟಗಳ ನಾಡಿಗೆ ಮಲೆನಾಡು ಎಂಬ ಹೆಸರು ಅನ್ವರ್ಥವಾಗಿದೆ. ಅಲ್ಲಿ ಮಳೆ ಜಾಸ್ತಿ ಎಂದು 'ಮಳೆನಾಡು' ಎಂದು ಬರೆಯುವವರೂ ಇದ್ದಾರೆ. ಮಳೆಯೇನೋ ನಿಜ, ಹೆಸರು ಬಂದದ್ದು ಮಾತ್ರ ಬೆಟ್ಟದಿಂದ. ಮಾತು ಸರಳವಾಗಿರಲಿ ಅನಿಸಿದರೆ 'ಹೆಸರಿಗೆ ತಕ್ಕಂತೆ' ಎನ್ನಿ. 'ಅನ್ವರ್ಥವಾಗಿ' ಸಭೆಯ ಮಾತು, 'ಹೆಸರಿಗೆ ತಕ್ಕಂತೆ' ಮನೆಯ ಮಾತು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬೇಕಾದಷ್ಟು ಇದೆ, ಕೊರತೆ ಇಲ್ಲ ಎನ್ನಲು 'ಸಮರ್ಪಕವಾಗಿ'. ಬಡಾವಣೆಗೆ ನೀರು ಸಮರ್ಪಕವಾಗಿ ಬರುತ್ತಿಲ್ಲ. ಇದು ಅರ್ಜಿಗೂ ವರದಿಗೂ ಹೇಳಿ ಮಾಡಿಸಿದ ಪದ. ಪ್ರೇಮಪತ್ರಕ್ಕಲ್ಲ. ವಾದ, ಕಾರಣ, ವಿವರಣೆ ಒಪ್ಪುವಂತಿದ್ದರೆ 'ಸಮಂಜಸವಾಗಿ'. ಜೋಡಣೆ ಕಣ್ಣಿಗೆ ಹಿತವಾಗಿದ್ದರೆ 'ಒಪ್ಪವಾಗಿ', 'ಅಚ್ಚುಕಟ್ಟಾಗಿ'. ಕಪಾಟಿನಲ್ಲಿ ಪುಸ್ತಕ ಒಪ್ಪವಾಗಿ ಇಟ್ಟಿದ್ದಾರೆ.

ಹಾಗಾದರೆ 'ಸೂಕ್ತವಾಗಿ' ಎಲ್ಲಿ? ಸು ಮತ್ತು ಉಕ್ತ ಸೇರಿ ಸೂಕ್ತ. ಚೆನ್ನಾಗಿ ಹೇಳಿದ್ದು ಎಂದು ಅರ್ಥ. ಪುರುಷಸೂಕ್ತ ಎನ್ನುವಾಗ ಇರುವುದು ಅದೇ ಸೂಕ್ತ. ಮೂಲದಲ್ಲಿ ಅದು ಮಾತಿಗೆ ಸಂಬಂಧಿಸಿದ ಪದ. ಹಾಗಾಗಿ ಹೇಳುವುದು, ಉತ್ತರಿಸುವುದು, ಹೆಸರಿಸುವುದು, ಸೂಚಿಸುವುದು ಇಂಥ ಕ್ರಿಯೆಗಳ ಜೊತೆ ಅದು ಇವತ್ತಿಗೂ ಹೊಳೆಯುತ್ತದೆ. 'ಸೂಕ್ತವಾಗಿ ಉತ್ತರಿಸಿದರು' ಎಂಬಲ್ಲಿ ಜೀವ ಇದೆ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬಲ್ಲಿ ಇಲ್ಲ. ಯಾವ ಕ್ರಮ ಎಂದು ಹೇಳದೇ ಇರಲು ಆ ಪದವನ್ನು ಪರದೆ ಮಾಡಿಕೊಂಡು ಮಾಡಿಕೊಂಡು ಅದು ಸವೆದುಹೋಗಿದೆ. ನನಗೆ ಆ ಪದದ ಬಗ್ಗೆ ನಿಜವಾಗಿಯೂ ಸಂಕಟ ಆಗುತ್ತದೆ.

ನಾಲ್ಕನೇ ಹೆಜ್ಜೆ: ಎಡವಿಸುವ ಪದಗಳನ್ನು ಒಮ್ಮೆ ನೋಡಿಕೊಳ್ಳಿ

ಮೊದಲನೆಯದು 'ಉಚಿತವಾಗಿ'. ಸಂಸ್ಕೃತದಲ್ಲಿ ಉಚಿತ ಎಂದರೆ ಯೋಗ್ಯ. ಕನ್ನಡದಲ್ಲಿ ಇವತ್ತು ಉಚಿತ ಎಂದರೆ ದುಡ್ಡಿಲ್ಲದೆ. ಒಂದು ಸಂಘದ ವರದಿಯಲ್ಲಿ 'ಅತಿಥಿಗಳನ್ನು ಉಚಿತವಾಗಿ ಸತ್ಕರಿಸಲಾಯಿತು' ಎಂದು ಓದಿದ್ದೇನೆ. ಬರೆದವರು ಯಥಾಯೋಗ್ಯವಾಗಿ ಎಂಬ ಅರ್ಥದಲ್ಲೇ ಬರೆದಿದ್ದರು. ಓದಿದವರಿಗೆ ಮಾತ್ರ ಬೇರೆಯವರಿಂದ ದುಡ್ಡು ತಗೊಂಡರೇನೋ ಎಂಬ ಅನುಮಾನ ಬಂತು. ಹಳೆಯ ಅರ್ಥ ಈಗ ಕೂಡುಪದಗಳಲ್ಲಿ ಮಾತ್ರ ಕ್ಷೇಮವಾಗಿದೆ: ಯಥೋಚಿತ, ಸಮಯೋಚಿತ, ಅನುಚಿತ, ಔಚಿತ್ಯ. ಒಂಟಿಯಾಗಿ 'ಉಚಿತವಾಗಿ' ಬೇಡ.

'ಯುಕ್ತ' ಕೂಡ ಹೀಗೇ. ಒಂಟಿಯಾಗಿ ಬಂದರೆ ಯೋಗ್ಯ ಎಂಬ ಅರ್ಥ. 'ಈಗ ಸುಮ್ಮನಿರುವುದೇ ಯುಕ್ತ.' ಇನ್ನೊಂದು ಪದದ ಬಾಲವಾಗಿ ಬಂದರೆ ಕೂಡಿರುವ ಎಂಬ ಅರ್ಥ. ವಿಷಯುಕ್ತ ಹೊಗೆ ಎಂದರೆ ವಿಷ ಕೂಡಿದ ಹೊಗೆ.

'ಬರೋಬ್ಬರಿ' ಇನ್ನೂ ಮಜವಾದ ಪದ. ಧಾರವಾಡ, ಬೆಳಗಾವಿ ಕಡೆ 'ಬರೋಬರಿ ಹೇಳಿದ್ರಿ ನೋಡ್ರಿ' ಅಂದರೆ ಸರಿಯಾಗಿ ಹೇಳಿದಿರಿ ಎಂದು. ಅದೇ ಪದ ಟಿವಿ ಸುದ್ದಿಯಲ್ಲಿ 'ಬರೋಬ್ಬರಿ ಹತ್ತು ಕೋಟಿ' ಆಗಿ ಬೆರಗಿನ ಉದ್ಗಾರವಾಗಿದೆ. ಮಂಗಳೂರು ಕಡೆ 'ಲಾಯ್ಕ ಮಾಡಿದ್ದೀರಿ' ಎಂಬುದು ತುಂಬು ಮೆಚ್ಚುಗೆ. ಮೂಲದ 'ಲಾಯಕ್ಕು' ಎಂಬುದಕ್ಕೆ ಯೋಗ್ಯ ಎಂದು ಅರ್ಥ. ಆದರೆ ಬಯಲುಸೀಮೆಯಲ್ಲಿ ಅದು ಹೆಚ್ಚಾಗಿ 'ಲಾಯಕ್ಕಿಲ್ಲ' ಎಂಬ ಬೈಗುಳದಲ್ಲೇ ಉಳಿದಿದೆ. ನಿಮ್ಮ ಓದುಗರು ಯಾವ ಸೀಮೆಯವರು ಎಂಬುದು ಗೊತ್ತಿದ್ದರೆ ಇವನ್ನು ಧೈರ್ಯವಾಗಿ ಬಳಸಿ. ಗೊತ್ತಿಲ್ಲದಿದ್ದರೆ ಸಂಭಾಷಣೆಗೆ ಮಾತ್ರ ಇಟ್ಟುಕೊಳ್ಳಿ.

'ಯೋಗ್ಯವಾಗಿ' ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಅದು ಗುಣ ಹೇಳುವಾಗ ಚೆನ್ನ, ರೀತಿ ಹೇಳುವಾಗ ಚೆನ್ನಲ್ಲ. ನೀರು ಕುಡಿಯಲು ಯೋಗ್ಯವಾಗಿದೆ, ಸರಿ. 'ಅವರು ಯೋಗ್ಯವಾಗಿ ಹಾಡಿದರು' ಎಂದರೆ ಕಿವಿ ಒಪ್ಪುವುದಿಲ್ಲ. ಇಲ್ಲೊಂದು ಪರೀಕ್ಷೆ ಮಾಡಿ ನೋಡಬಹುದು. ಪದದ ಮುಂದೆ 'ಇದೆ' ಹಾಕಿ ಓದಿ, ಆಮೇಲೆ 'ಮಾಡಿದರು' ಹಾಕಿ ಓದಿ. 'ಸಮಂಜಸವಾಗಿದೆ' ಸಲೀಸು, 'ಸಮಂಜಸವಾಗಿ ಮಾಡಿದರು' ಕುಂಟುತ್ತದೆ. 'ಅಚ್ಚುಕಟ್ಟಾಗಿದೆ', 'ಅಚ್ಚುಕಟ್ಟಾಗಿ ಮಾಡಿದರು', ಎರಡೂ ಸಲೀಸು. ಒಂದು ಕಡೆ ಕುಂಟುವ ಪದವನ್ನು ಆ ಕಡೆಗೆ ಎಳೆಯಬೇಡಿ.

ಐದನೇ ಹೆಜ್ಜೆ: ಕೇಳುವವರು ಯಾರು?

ಅಂಗಡಿಯ ಎದುರು 'ಕರೆಕ್ಟಾಗಿ ಕೊಟ್ಟಿದ್ದೀರಾ ನೋಡಿ' ಅನ್ನುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ನಮ್ಮ '-ಆಗಿ' ಯಾವ ಪದವನ್ನಾದರೂ ಮನೆಗೆ ಕರೆದುಕೊಳ್ಳುತ್ತದೆ: ಕರೆಕ್ಟಾಗಿ, ಫಿಟ್ಟಾಗಿ, ನೀಟಾಗಿ. ಅದು ಕನ್ನಡದ ಶಕ್ತಿ. ಆದರೆ ಒಂದೇ ವಾಕ್ಯದಲ್ಲಿ 'ಯಥೋಚಿತವಾಗಿ' ಮತ್ತು 'ನೀಟಾಗಿ' ಎರಡನ್ನೂ ಕೂರಿಸಬೇಡಿ. ಸಂಸ್ಕೃತ, ಕನ್ನಡ ಪದಗಳನ್ನು ಹೊಂದಿಕೆ ಇಲ್ಲದೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂಬ ಎಚ್ಚರಿಕೆಯೂ ಅದೇ ಕವಿರಾಜಮಾರ್ಗದಲ್ಲಿದೆ. ಅಲ್ಲಿ ಮಾತು ಸಮಾಸದ ಬಗ್ಗೆ. ಆದರೆ ವಾಕ್ಯ ಕಟ್ಟುವಾಗಲೂ ಆ ಹಾಲು ನೆನಪಿಗೆ ಬಂದರೆ ಒಳ್ಳೆಯದೇ.

ಹಿರಿಯರಿಗೆ, ಸಭೆಗೆ ಬರೆಯುವಾಗ ಭಾರದ ಪದವೇ ಬೇಕು ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಾನು ಹಾಗೆ ಅಂದುಕೊಳ್ಳುವುದಿಲ್ಲ. 'ಹದವಾಗಿ', 'ತಕ್ಕಂತೆ', 'ಒಪ್ಪವಾಗಿ' ಯಾವ ಸಭೆಯಲ್ಲೂ ತಲೆತಗ್ಗಿಸುವ ಪದಗಳಲ್ಲ.

ಆರನೇ ಹೆಜ್ಜೆ: ಪದವನ್ನೇ ತೆಗೆದು ನೋಡಿ

ಇದನ್ನು ಕೊನೆಗೆ ಮಾಡಿ, ಆದರೆ ಬಿಡದೆ ಮಾಡಿ. ಕನ್ನಡದಲ್ಲಿ ಹೊಂದಿಕೆಯನ್ನು ಹೇಳಲು ಎಷ್ಟೋ ಸಲ ಕ್ರಿಯಾವಿಶೇಷಣವೇ ಬೇಡ. ಕ್ರಿಯಾಪದವೇ ಆ ಕೆಲಸ ಮಾಡುತ್ತದೆ. ಈ ಬಣ್ಣ ನಿಮಗೆ ಒಪ್ಪುತ್ತದೆ. ಈ ಊರಿನ ಹವೆ ಅವರಿಗೆ ಒಗ್ಗಿತು. ಇಬ್ಬರ ಸ್ವಭಾವ ಹೊಂದುತ್ತದೆ. ರವಿಕೆ ಭುಜದ ಮೇಲೆ ಚೆನ್ನಾಗಿ ಕೂತಿದೆ. ಈ ಮಾತು ನಿಮಗೆ ತರವಲ್ಲ. 'ಒಪ್ಪು', 'ಒಗ್ಗು', 'ಹೊಂದು' ಮೂರೂ ಬೇರೆ ಬೇರೆ. ಒಪ್ಪುವುದು ನೋಟಕ್ಕೆ. ಒಗ್ಗುವುದು ಮೈಗೆ, ಅದಕ್ಕೆ ದಿನ ಹಿಡಿಯುತ್ತದೆ. ಹೊಂದುವುದು ಜೊತೆಗೆ. 'ಸೂಕ್ತವಾಗಿದೆ' ಎಂದು ಬರೆದರೆ ಈ ಮೂರೂ ಭೇದ ಕಳೆದುಹೋಗುತ್ತದೆ.

ಇನ್ನೊಂದು ಕ್ರಿಯಾಪದ 'ಸಲ್ಲು'. ಸಲ್ಲುವ ನಾಣ್ಯ, ಸಲ್ಲದ ನಾಣ್ಯ ಎಂದು ಹೇಳುತ್ತಿದ್ದ ಕಾಲದ ಪದ. ಗೌರವ ಯಾರಿಗೆ ಸೇರಬೇಕೋ ಅವರಿಗೆ ಸೇರಿತು ಎನ್ನಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 'ಅರ್ಹ' ಎಂಬ ಪದ ಈಗ ಅರ್ಜಿ ಫಾರಂಗಳಿಗೆ ಅಂಟಿಕೊಂಡಿದೆ. ವಯಸ್ಸು, ಅಂಕ, ಆದಾಯದ ಮಿತಿ ಎಲ್ಲ ನೆನಪಾಗುತ್ತದೆ. 'ಪ್ರಶಸ್ತಿಗೆ ಅರ್ಹರು' ಎಂದರೆ ಪಟ್ಟಿಯಲ್ಲಿ ಹೆಸರಿದೆ ಎಂದಷ್ಟೇ ಕೇಳಿಸಬಹುದು. 'ಪ್ರಶಸ್ತಿ ಸಲ್ಲಬೇಕಾದವರಿಗೇ ಸಂದಿದೆ' ಎಂದರೆ ಮನಸ್ಸು ತುಂಬುತ್ತದೆ.

ಈಗ ಆ ಬಿನ್ನವತ್ತಳೆಗೆ ಬರೋಣ. ಗೆಳತಿಯೂ ನಾನೂ ಫೋನಿನಲ್ಲಿ ಕೂತು ಒಂದೊಂದೇ ವಾಕ್ಯ ಬಿಡಿಸಿದೆವು.

ಪಾಠದ ವಾಕ್ಯಕ್ಕೆ 'ಯಾವುದಕ್ಕೆ?' ಎಂದು ಕೇಳಿದೆ. ಅವಳು ಥಟ್ಟನೆ ಹೇಳಿದಳು: ಬೇಗ ಕಲಿಯುವ ಮಕ್ಕಳಿಗೆ ಒಂದು ಥರ, ನಿಧಾನದ ಮಕ್ಕಳಿಗೆ ಇನ್ನೊಂದು ಥರ ಹೇಳಿಕೊಡುತ್ತಿದ್ದರಂತೆ. ಹಾಗಾದರೆ ಅದನ್ನೇ ಬರೆಯೋಣ ಎಂದೆ. 'ಒಬ್ಬೊಬ್ಬ ಮಗುವಿನ ನಡಿಗೆಗೆ ತಕ್ಕಂತೆ ಪಾಠ ಮಾಡಿದಿರಿ.'

ಗದರಿದ ವಾಕ್ಯದಲ್ಲಿ 'ಸರಿಯಾಗಿ ಗದರಿದಿರಿ' ಎಂದು ತಿದ್ದಲು ಹೊರಟಿದ್ದಳು. ಬೇಡ ಎಂದೆ, ಏಕೆ ಎಂದು ನಿಮಗೆ ಈಗ ಗೊತ್ತು. ಆ ಟೀಚರ್ ಗದರಿದ್ದು ಎಂದೂ ಅತಿಯಾಗಲಿಲ್ಲ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ಅದು ಪ್ರಮಾಣದ ಮಾತು. 'ತಪ್ಪು ಮಾಡಿದಾಗ ಹದವರಿತು ಗದರಿದಿರಿ.'

ಗೋಡೆಯ ವಾಕ್ಯ ಸುಲಭ. 'ಗೋಡೆ ಕುಸಿದಾಗ ಸಮಯಪ್ರಜ್ಞೆಯಿಂದ ಎಲ್ಲ ಮಕ್ಕಳನ್ನೂ ಹೊರಗೆ ಕರೆತಂದಿರಿ.' 'ಎಲ್ಲ' ಎಂಬುದನ್ನು ಅವಳೇ ಸೇರಿಸಿದಳು. ಅವಳ ಮಗನೂ ಆ ಮಕ್ಕಳಲ್ಲಿ ಒಬ್ಬ.

ಹೆಸರಿನ ವಾಕ್ಯ 'ಹೆಸರಿಗೆ ತಕ್ಕಂತೆ ಶಾಂತರಾಗಿದ್ದಿರಿ' ಆಗಬಹುದಿತ್ತು. ಆದರೆ ಮೊದಲ ವಾಕ್ಯದಲ್ಲಿ ಆಗಲೇ 'ತಕ್ಕಂತೆ' ಬಂದಿತ್ತು. ಐದು 'ಸೂಕ್ತವಾಗಿ' ತೆಗೆದು ಎರಡು 'ತಕ್ಕಂತೆ' ಇಡುವುದು ಬೇಡ ಅನಿಸಿತು. ಜೊತೆಗೆ ಅದು ಸಭೆಯಲ್ಲಿ ಓದುವ ಬರಹ. 'ತಮ್ಮ ಹೆಸರು ತಮಗೆ ಅನ್ವರ್ಥವಾಗಿದೆ' ಎಂದು ಮಾಡಿದೆವು.

ಕೊನೆಯ ವಾಕ್ಯಕ್ಕೆ ಏನು ಹಾಕುವುದು ಎಂದು ಅವಳು ಕೇಳಿದಳು. ಯಥೋಚಿತವಾಗಿ? ನ್ಯಾಯವಾಗಿ? ಅರ್ಹವಾಗಿ? ಒಂದೊಂದನ್ನೂ ಜೋರಾಗಿ ಓದಿ ನೋಡಿದೆವು. ಆಮೇಲೆ ಅವಳೇ ಆ ಜಾಗವನ್ನು ಖಾಲಿ ಬಿಟ್ಟು ಓದಿದಳು: 'ಈ ಸನ್ಮಾನ ತಮಗೆ ಸಲ್ಲುತ್ತದೆ.'